ಹಳೆಯ ನಾಣ್ಯ, ಹಳೆಯ ಬಿದ್ರಿ: ಆನ್‌ಲೈನ್‌ನಲ್ಲಿ ಕೊಳ್ಳುವವರು ನಕಲಿಯನ್ನು ಗುರುತಿಸುವ ಬಗೆ

ನಾಲ್ಕು ವರ್ಷಗಳ ಹಿಂದೆ ಬೀದರಿನ ನನ್ನ ಮನೆಗೆ ಒಂದು ಲಕೋಟೆ ಬಂತು. ಅದರಲ್ಲಿ ಬಹಮನಿ ಸುಲ್ತಾನ ಫಿರೋಜ್ ಶಾಹನ ಕಾಲದ್ದೆಂದು ಹೇಳಿ ಮಾರಿದ ಟಂಕ ಎಂಬ ಬೆಳ್ಳಿ ನಾಣ್ಯವೊಂದಿತ್ತು. ಅಂಚಿನ ಬಳಿ ಅಕ್ಕಿಕಾಳಿನಷ್ಟು ಉದ್ದದ ಓರೆ ಗಾಯ, ಅದರ ಪಕ್ಕದಲ್ಲೇ ಅಂಚಿಗೆ ಸಿಕ್ಕಿ ಬಾಲ ಕಡಿದುಹೋದ ಒಂದು ಅಕ್ಷರ. ಆರುನೂರು ವರ್ಷ ಕೈಯಿಂದ ಕೈಗೆ ಹೋದ ನಾಣ್ಯಕ್ಕೆ ಇಷ್ಟು ಗಾಯವಾದರೂ ಆಗದಿರುತ್ತದೆಯೇ ಎಂದುಕೊಂಡು ಅದನ್ನೇ ಅಸಲಿತನದ ಗುರುತೆಂದು ನಂಬಿದೆ. ಎರಡು ತಿಂಗಳ ನಂತರ ಬೇರೆ ಊರಿನ ಬೇರೊಬ್ಬ ಮಾರಾಟಗಾರ ತನ್ನ ಬಳಿಯ ಟಂಕದ ಚಿತ್ರ ಹಾಕಿದ. ಅದೇ ಜಾಗದಲ್ಲಿ ಅದೇ ಓರೆ ಗಾಯ, ಅದೇ ಅಕ್ಷರದ ಅದೇ ಕಡಿದ ಬಾಲ. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಆ ಸಂಜೆಯಿಂದ ನಾನು ಕಲಿಯತೊಡಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಹಮನಿಗಳ ಕಾಲದಲ್ಲಿ ಎರಡು ಅಚ್ಚುಗಳ ನಡುವೆ ಲೋಹದ ಬಿಲ್ಲೆಯಿಟ್ಟು ಸುತ್ತಿಗೆಯಿಂದ ಹೊಡೆದು ನಾಣ್ಯ ಟಂಕಿಸುತ್ತಿದ್ದರು. ಒಂದೇ ಅಚ್ಚಿನಿಂದ ಬಂದ ನಾಣ್ಯಗಳಲ್ಲಿ ಅಕ್ಷರಗಳ ರೂಪ ಒಂದೇ ಇರಬಹುದು. ಆದರೆ ಬಿಲ್ಲೆ ಪ್ರತಿ ಸಲವೂ ಅಷ್ಟಿಷ್ಟು ಸರಿದು ಕೂರುವುದರಿಂದ ಬರಹ ಎಲ್ಲಿ ಅಂಚಿಗೆ ಸಿಕ್ಕಿ ಕಡಿದಿದೆ ಎಂಬುದು ಒಂದರಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಮುಂದೆ ಚಲಾವಣೆಯಲ್ಲಿ ಆಗುವ ಗಾಯವಂತೂ ಆಯಾ ನಾಣ್ಯದ ಸ್ವಂತದ್ದು. ಗಾಯ ಕೂಡ ಒಂದೇ ಆಗಿದ್ದರೆ ಎರಡನ್ನೂ ಒಂದೇ ಮೂಲದಿಂದ ಎರಕ ಹೊಯ್ದಿದ್ದಾರೆ ಎಂದೇ ಅರ್ಥ. ಆದ್ದರಿಂದ ಯಾವುದೇ ನಾಣ್ಯಕ್ಕೆ ಹಣ ಕೊಡುವ ಮೊದಲು ಮಾರಾಟಗಾರನ ಹಳೆಯ ಮಾರಾಟಗಳನ್ನೂ ಇತರರ ಪುಟಗಳನ್ನೂ ಜಾಲಾಡಿ, ಅದರ ಅವಳಿ ಎಲ್ಲಾದರೂ ಇದೆಯೇ ಎಂದು ಹುಡುಕಬೇಕು. ಫೋನಿನಲ್ಲಿ ಚಿತ್ರದಿಂದಲೇ ಚಿತ್ರ ಹುಡುಕುವ ಸೌಲಭ್ಯ ಈಗ ಎಲ್ಲರ ಬಳಿಯೂ ಇದೆ. ಅದೇ ಚಿತ್ರ ಯಾವುದೋ ವಸ್ತುಸಂಗ್ರಹಾಲಯದ ಅಥವಾ ಹಳೆಯ ಹರಾಜಿನ ಪುಟದಲ್ಲಿ ಸಿಕ್ಕಿತೆಂದರೆ ಮಾರುವವನ ಕೈಯಲ್ಲಿ ವಸ್ತುವೇ ಇಲ್ಲದಿರಬಹುದು.

ಮೊದಲು ಕೇಳಬೇಕಾದದ್ದು ಬಂದ ದಾರಿ

ವಸ್ತು ಅಸಲಿಯೋ ನಕಲಿಯೋ ಎಂಬ ಪ್ರಶ್ನೆಗಿಂತ ಮೊದಲು ಅದು ಮಾರುವವನ ಕೈಗೆ ಹೇಗೆ ಬಂತು ಎಂದು ಕೇಳಬೇಕು. ನಮ್ಮ ಭಾಗದಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚಿನ ತೂಕವಿದೆ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದಾಗ ಕಲಬುರಗಿ ಅದರ ರಾಜಧಾನಿ; ಮುಂದೆ ಆ ಪಟ್ಟ ಬೀದರಿಗೆ ಬಂತು. ಅದಕ್ಕೂ ಹಿಂದೆ ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರದ್ದು, ಬಸವಕಲ್ಯಾಣ ಚಾಲುಕ್ಯರದ್ದು. ಭೀಮಾ ತೀರದ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ, ಪಕ್ಕದ ಕನಗನಹಳ್ಳಿಯ ಸ್ತೂಪದ ಫಲಕದ ಮೇಲೆ ‘ರಾಯ ಅಸೋಕೋ’ ಎಂಬ ಬರಹದೊಂದಿಗೆ ಅವನ ಚಿತ್ರವೇ ಇದೆ. ಯಾದಗಿರಿ ಜಿಲ್ಲೆಯ ಹುಣಸಗಿ ಸುತ್ತಿನ ಹೊಲಗಳಲ್ಲಿ ಆದಿಮಾನವನ ಕೈಗೊಡಲಿಗಳು ಸಿಕ್ಕಿವೆ. ಇಂಥ ನೆಲದಲ್ಲಿ ‘ಹೊಲ ಉಳುವಾಗ ಸಿಕ್ಕಿತು, ಹಳೆಯ ಗೋಡೆ ಕೆಡವುವಾಗ ಬಿಂದಿಗೆಯೊಂದು ಕಂಡಿತು’ ಎಂಬ ಮಾತು ಯಾರಿಗೂ ಅಸಂಭವವೆನಿಸುವುದಿಲ್ಲ. ಮೋಸ ಮಾಡುವವನಿಗೆ ಇದು ಚೆನ್ನಾಗಿ ಗೊತ್ತು.

ಆದರೆ ಆ ಕಥೆಯನ್ನೇ ಕಾನೂನಿನ ಕಣ್ಣಿನಿಂದ ನೋಡಿ. ಭೂಮಿಯಲ್ಲಿ ನಿಧಿ ಸಿಕ್ಕಿದವರು ಅದನ್ನು ಸರ್ಕಾರಕ್ಕೆ ತಿಳಿಸಬೇಕೆಂದು 1962ರ ಕರ್ನಾಟಕ ನಿಧಿ ಕಾಯ್ದೆ ಹೇಳುತ್ತದೆ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅಗೆಯುವುದು ಬೇರೆಯೇ ಅಪರಾಧ. ಮಾರುವವನ ಕಥೆ ಸುಳ್ಳಾಗಿದ್ದರೆ ನೀವು ಹಣ ಕಳೆದುಕೊಳ್ಳುತ್ತೀರಿ, ನಿಜವಾಗಿದ್ದರೆ ಕದ್ದ ಮಾಲನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತೀರಿ. ಈ ಮಾತು ಕೇಳಿದ ಕೂಡಲೇ ನಾನು ಮಾತುಕತೆ ನಿಲ್ಲಿಸುತ್ತೇನೆ, ವಸ್ತು ಎಷ್ಟೇ ಚೆಲುವಾಗಿರಲಿ.

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೂರು ವರ್ಷ ಮೀರಿದ ನಾಣ್ಯ, ಶಿಲ್ಪ, ಚಿತ್ರ, ಕರಕುಶಲ ವಸ್ತುಗಳೆಲ್ಲ ಪ್ರಾಚ್ಯವಸ್ತುಗಳು. ಹಸ್ತಪ್ರತಿಗಳಿಗೆ ಈ ಮಿತಿ 75 ವರ್ಷ. ಇವುಗಳ ವ್ಯಾಪಾರ ಮಾಡುವವರು ಪರವಾನಗಿ ಪಡೆದಿರಬೇಕು. ಶಿಲ್ಪಗಳು, ಚಿತ್ರಗಳು, ಸಚಿತ್ರ ಹಸ್ತಪ್ರತಿಗಳನ್ನು ಇಟ್ಟುಕೊಂಡವರು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ನೋಂದಣಿ ಅಧಿಕಾರಿಯ ಬಳಿ ನೋಂದಾಯಿಸಬೇಕು, ಮಾರಿದಾಗ ಒಡೆತನ ಬದಲಾದದ್ದನ್ನೂ ತಿಳಿಸಬೇಕು. ದೇಶದ ಹೊರಗೆ ಕಳಿಸುವುದಂತೂ ಖಾಸಗಿಯವರಿಗೆ ನಿಷಿದ್ಧ. ಮೀರಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಆದ್ದರಿಂದ ‘ಚಾಲುಕ್ಯರ ಕಾಲದ ವಿಗ್ರಹ, ಬೇಗ ಹಣ ಹಾಕಿ’ ಎನ್ನುವವನಿಂದ ನೋಂದಣಿ ಪತ್ರವನ್ನು ಕೇಳಿ. ಅದು ಇಲ್ಲವೆಂದರೆ ಅಲ್ಲಿಗೆ ಮುಗಿಯಿತು. ಕಲ್ಲಿನ ಮೂರ್ತಿ, ವೀರಗಲ್ಲು, ದೇವಸ್ಥಾನದ ಕಂಚಿನ ವಿಗ್ರಹಗಳ ವಿಷಯದಲ್ಲಿ ನನ್ನ ಸಲಹೆ ಇನ್ನೂ ಕಟುವಾದದ್ದು: ಆನ್‌ಲೈನ್‌ನಲ್ಲಿ ಅವನ್ನು ಕೊಳ್ಳಲೇಬೇಡಿ. ನಮ್ಮ ಹಳ್ಳಿಗಳ ಹಾಳು ಗುಡಿಗಳಲ್ಲಿ ಖಾಲಿ ಪೀಠ ಕಂಡವರಿಗೆ ಇದಕ್ಕೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಮಾಣಪತ್ರ ತೋರಿಸಿದ ಕೂಡಲೇ ನಂಬುವ ಅಭ್ಯಾಸವೂ ಅಪಾಯಕಾರಿ. ಲೋಹದ ವಿಗ್ರಹಕ್ಕೋ ನಾಣ್ಯಕ್ಕೋ ‘ಕಾರ್ಬನ್ ಡೇಟಿಂಗ್ ಆಗಿದೆ’ ಎಂಬ ಕಾಗದ ತೋರಿಸುವವರಿದ್ದಾರೆ. ಆ ಪರೀಕ್ಷೆ ಕಟ್ಟಿಗೆ, ಇದ್ದಿಲು, ಮೂಳೆ, ಬಟ್ಟೆಯಂಥ ಒಮ್ಮೆ ಜೀವವಿದ್ದ ಪದಾರ್ಥಗಳ ವಯಸ್ಸನ್ನು ಹೇಳುತ್ತದೆ. ಲೋಹದ ಅಥವಾ ಕಲ್ಲಿನ ವಯಸ್ಸನ್ನು ಅದು ಹೇಳಲಾರದು. ಅಂಥ ಕಾಗದ ತೋರಿಸಿದವನು ತನ್ನ ಮೋಸವನ್ನು ತಾನೇ ಬರೆದುಕೊಟ್ಟಂತಾಯಿತು.

ನಾಣ್ಯವನ್ನು ಓದುವುದು, ತೂಗುವುದು

ಬಹಮನಿ ನಾಣ್ಯಗಳ ಬರಹ ಅರಬ್ಬಿ ಲಿಪಿಯಲ್ಲಿದೆ. ಕನ್ನಡ ಮಾತ್ರ ಓದಬಲ್ಲವರು ಇಲ್ಲಿ ಸೋಲುತ್ತಾರೆ ಎಂದುಕೊಳ್ಳಬೇಕಾಗಿಲ್ಲ. ಕಲಬುರಗಿ, ಬೀದರಿನಲ್ಲಿ ಉರ್ದು ಬಲ್ಲವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ನಾಣ್ಯದ ಭಾಷೆ ಪೂರ್ತಿ ಅರ್ಥವಾಗದಿದ್ದರೂ ಅಕ್ಷರ ನೆಟ್ಟಗಿದೆಯೇ, ಹೆಸರು ಹೊಂದುತ್ತದೆಯೇ, ಅಂಕಿ ಯಾವುದು ಎಂದು ಅವರು ಹೇಳಬಲ್ಲರು. ಬರಹ ಗೊತ್ತಿಲ್ಲದ ಎರಕದವನು ಮಾಡಿದ ನಕಲಿನಲ್ಲಿ ಚುಕ್ಕೆ ತಪ್ಪುತ್ತವೆ, ಅಕ್ಷರಗಳು ಬಳ್ಳಿಯ ಚಿತ್ತಾರದಂತೆ ಕಲಸಿಹೋಗುತ್ತವೆ. ಈ ನೆರವು ಬೇರೆ ಊರಿನ ಸಂಗ್ರಾಹಕರಿಗೆ ಇಷ್ಟು ಸುಲಭವಾಗಿ ಒದಗುವುದಿಲ್ಲ.

ಆಮೇಲೆ ಇತಿಹಾಸದೊಂದಿಗೆ ತಾಳೆ ನೋಡಬೇಕು. ನಾಣ್ಯಗಳ ಮೇಲೆ ಕಲಬುರಗಿಗೆ ಅಹಸನಾಬಾದ್ ಎಂದೂ ಬೀದರಿಗೆ ಮುಹಮ್ಮದಾಬಾದ್ ಎಂದೂ ಹೆಸರಿದೆ, ಇಸವಿ ಇಸ್ಲಾಮಿ ಪಂಚಾಂಗವಾದ ಹಿಜರಿಯಲ್ಲಿದೆ. ಫಿರೋಜ್ ಶಾಹ ಆಳಿದ್ದು 1397ರಿಂದ 1422ರವರೆಗೆ, ಅಂದರೆ ಹಿಜರಿ 800ರಿಂದ 825. ರಾಜಧಾನಿ ಬೀದರಿಗೆ ಹೋದದ್ದು ಅವನ ನಂತರ, ತಮ್ಮ ಅಹ್ಮದ್ ಶಾಹನ ಕಾಲದಲ್ಲಿ. ಹಾಗಾಗಿ ‘ಫಿರೋಜ್ ಶಾಹ, ಬೀದರ್ ಟಂಕಸಾಲೆ’ ಎಂಬ ವಿವರಣೆ ಕಂಡರೆ ಮಾರುವವನು ಒಂದೋ ಓದಿಲ್ಲ, ಇಲ್ಲವೇ ಓದಿಯೂ ಸುಳ್ಳು ಹೇಳುತ್ತಿದ್ದಾನೆ. ನಾನು ಕೊಂಡ ಟಂಕದ ವಿವರಣೆಯಲ್ಲಿ ಈ ತಪ್ಪೇ ಇತ್ತು. ಅಂದು ಅದು ನನಗೆ ಹೊಳೆಯಲಿಲ್ಲ.

ತೂಕಕ್ಕೆ 0.01 ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿ ಬೇಕು. ಅದು ಈಗ ಅಗ್ಗದ್ದೇ. ಕೊಳ್ಳುವ ಮೊದಲೇ ಮಾರಾಟಗಾರನಿಗೆ ವಿಡಿಯೊ ಕಳಿಸಲು ಹೇಳಿ: ಖಾಲಿ ತಕ್ಕಡಿ ಸೊನ್ನೆ ತೋರಿಸಬೇಕು, ನಂತರ ನಾಣ್ಯ ಅದರ ಮೇಲೆ ಕೂರಬೇಕು, ಕೊನೆಗೆ ಅದನ್ನು ಬೆರಳಲ್ಲಿ ಹಿಡಿದು ಅಂಚನ್ನು ಸುತ್ತಲೂ ತಿರುಗಿಸಿ ತೋರಿಸಬೇಕು. ಎರಕದ ನಾಣ್ಯದ ಅಂಚಿನ ನಡುವೆ ಎರಡು ಅರ್ಧಗಳು ಕೂಡಿದ ಗೆರೆ ಇರುತ್ತದೆ, ಅಥವಾ ಆ ಗೆರೆಯನ್ನು ಅರದಿಂದ ಉಜ್ಜಿ ತೆಗೆದ ಗುರುತು ಇರುತ್ತದೆ. ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳಿಗಳು ಕಾಣುತ್ತವೆ. ಅವು ಎರಕದಲ್ಲಿ ಸಿಕ್ಕಿಬಿದ್ದ ಗಾಳಿಯ ಗುಳ್ಳೆಗಳು. ‘ಅಂಚು ತೋರಿಸಲು ಸಮಯವಿಲ್ಲ, ಇನ್ನೊಬ್ಬರು ಕಾಯುತ್ತಿದ್ದಾರೆ’ ಎಂದರೆ ಆ ಇನ್ನೊಬ್ಬರಿಗೇ ಅದು ಹೋಗಲಿ.

ವಸ್ತು ಕೈಗೆ ಬಂದ ಮೇಲೆ ನೀರಿನ ಪರೀಕ್ಷೆ ಮಾಡಬಹುದು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವ ನಿಜಾಮರ ಚಾರ್‌ಮಿನಾರ್ ರೂಪಾಯಿಯನ್ನೇ ತೆಗೆದುಕೊಳ್ಳೋಣ. ಹಿರಿಯರು ಈಗಲೂ ಹಾಲಿ ಸಿಕ್ಕಾ ಎನ್ನುವುದು ಅದನ್ನೇ. ಅದರ ತೂಕ 11.18 ಗ್ರಾಂ, 1940ರ ದಶಕಕ್ಕೂ ಮೊದಲಿನವುಗಳಲ್ಲಿ ಬೆಳ್ಳಿ ಶೇ 81.8ರಷ್ಟು, ನಂತರದವುಗಳಲ್ಲಿ ಕಡಿಮೆ. ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವ ಸಂಖ್ಯೆಯಿಂದ ನಾಣ್ಯದ ತೂಕವನ್ನು ಭಾಗಿಸಿದರೆ ಲೋಹದ ಸಾಂದ್ರತೆ ಸಿಗುತ್ತದೆ. ಮೊದಲ ಬಗೆಯ ಅಸಲಿ ರೂಪಾಯಿಗೆ ತಕ್ಕಡಿ ಸುಮಾರು 1.10 ತೋರಿಸುತ್ತದೆ, ಭಾಗಿಸಿದರೆ 10ಕ್ಕಿಂತ ತುಸು ಹೆಚ್ಚು. ಅಷ್ಟೇ ತೂಕದ ಹಿತ್ತಾಳೆಯ ನಕಲಿಗೆ 1.3ರ ಆಸುಪಾಸು ಬರುತ್ತದೆ. ನನ್ನ ಫಿರೋಜ್ ಶಾಹ ಟಂಕ 9.60 ಗ್ರಾಂ ತೂಗಿತು, ನೀರಿನಲ್ಲಿ 1.32 ತೋರಿಸಿತು, ಭಾಗಿಸಿದರೆ 7.27. ಬಹಮನಿ ಬೆಳ್ಳಿ ಟಂಕ 11 ಗ್ರಾಂ ಸುತ್ತಮುತ್ತ ಇರಬೇಕು, ಬೆಳ್ಳಿಯ ಸಾಂದ್ರತೆ 10.49. ತವರಕ್ಕೋ ಸತುವಿಗೋ ಹತ್ತಿರದ ಲೋಹಕ್ಕೆ ಬೆಳ್ಳಿಯ ಲೇಪ ಕೊಟ್ಟಿದ್ದರು.

ಈ ಪರೀಕ್ಷೆಯಲ್ಲಿ ಸೋತದ್ದು ಬಹುತೇಕ ನಕಲಿ, ಆದರೆ ಗೆದ್ದದ್ದೆಲ್ಲ ಅಸಲಿಯಲ್ಲ. ಸೀಸದ ಸಾಂದ್ರತೆ 11.34 ಆದ್ದರಿಂದ ಅದನ್ನು ಬೆರೆಸಿ ಲೆಕ್ಕ ಹೊಂದಿಸುವವರಿದ್ದಾರೆ. ಅಸಲಿ ಬೆಳ್ಳಿಯಲ್ಲೇ ಹೊಸ ನಾಣ್ಯ ಒತ್ತುವವರೂ ಇದ್ದಾರೆ. ತಾಮ್ರದ ನಾಣ್ಯಗಳ ತೂಕದಲ್ಲಿ ಮೊದಲೇ ಬಹಳ ವ್ಯತ್ಯಾಸವಿರುವುದರಿಂದ ಅಲ್ಲಿ ಮೈಬಣ್ಣ ನೋಡಬೇಕು. ಕಾಲದಿಂದ ಬಂದ ಹಸಿರು ಕಿಲುಬು ಲೋಹಕ್ಕೆ ಕಚ್ಚಿಕೊಂಡಿರುತ್ತದೆ, ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು. ಅಂಟಿನಿಂದ ಹಚ್ಚಿದ ಕಿಲುಬು ಉಗುರುಬಣ್ಣ ತೆಗೆಯುವ ಅಸಿಟೋನಿನಲ್ಲಿ ನೆನೆಸಿದ ಹತ್ತಿಗೆ ಹತ್ತಿ ಬರುತ್ತದೆ, ಒಳಗೆ ಹೊಸ ತಾಮ್ರ ಕೆಂಪಗೆ ಮಿನುಗುತ್ತದೆ.

ಒಂದು ಮಗ್ಗುಲಲ್ಲಿ ಹನುಮಂತ ಅಥವಾ ರಾಮ ಪಟ್ಟಾಭಿಷೇಕ, ಇನ್ನೊಂದು ಮಗ್ಗುಲಲ್ಲಿ ಈಸ್ಟ್ ಇಂಡಿಯಾ ಕಂಪನಿ, 1818, ಅರ್ಧ ಆಣೆ ಎಂದಿರುವ ನಾಣ್ಯಗಳನ್ನು ಕಂಪನಿ ಎಂದೂ ಟಂಕಿಸಿಲ್ಲ. ಅವು ಸಂಪೂರ್ಣ ಕಲ್ಪಿತ. ಅವೇ ನಾಣ್ಯಗಳು ಅಕ್ಕಿಯನ್ನು ಎಳೆಯುತ್ತವೆಂದು ಹೇಳಿ ‘ರೈಸ್ ಪುಲ್ಲಿಂಗ್’ ಹೆಸರಿನಲ್ಲಿ ಲಕ್ಷಗಟ್ಟಲೆ ಸುಲಿಯುವುದು ಶುದ್ಧ ವಂಚನೆ.

ಬಿದ್ರಿಯ ಕಪ್ಪು

ನಮ್ಮೂರಿನ ಹೆಸರು ಹೊತ್ತ ಕಲೆಯಾದ್ದರಿಂದ ಬಿದ್ರಿಯ ಮೋಸ ನನಗೆ ಹೆಚ್ಚು ನೋವು ಕೊಡುತ್ತದೆ. ಬಿದ್ರಿಯ ಮೂಲ ಲೋಹ ಬಹುಪಾಲು ಸತು, ಅದರಲ್ಲಿ ಸ್ವಲ್ಪ ತಾಮ್ರ. ಎರಕ ಹೊಯ್ದು, ಅರದಿಂದ ನುಣುಪು ಮಾಡಿ, ಉಳಿಯಿಂದ ಚಿತ್ತಾರ ಕೊರೆದು, ಆ ಕೊರೆತದಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಎಂಬ ಲವಣದ ದ್ರಾವಣದಲ್ಲಿ ಅದ್ದಿದಾಗ ಸತು ಕಡುಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಬಳಿದ ಬಣ್ಣವಲ್ಲ, ಲೋಹದ ಮೇಲ್ಮೈಯೇ ಬದಲಾದದ್ದು ಎಂಬುದನ್ನು ನೆನಪಿಟ್ಟರೆ ಅರ್ಧ ಪರೀಕ್ಷೆ ಮುಗಿದಂತೆ.

ಮೊದಲ ಬಗೆಯ ಮೋಸದಲ್ಲಿ ವಸ್ತು ಬಿದ್ರಿಯೇ ಅಲ್ಲ: ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಮೇಲೆ ಕಪ್ಪು ಬಣ್ಣ, ಅದರ ಮೇಲೆ ಬೆಳ್ಳಿಬಣ್ಣದ ಚಿತ್ತಾರ. ತಳದ ಅಂಚಿನ ಸ್ಪಷ್ಟ ಚಿತ್ರ ಕೇಳಿ. ಕಪ್ಪು ಸವೆದ ಕಡೆ ಬೂದುಬಿಳಿ ಕಂಡರೆ ಸತು ಇರಬಹುದು, ಹಳದಿ ಕಂಡರೆ ಹಿತ್ತಾಳೆ. ಕೈಗೆ ಬಂದಾಗ ತೀರ ಹಗುರವೆನಿಸಿದರೆ ಅಲ್ಯೂಮಿನಿಯಂ. ಅಯಸ್ಕಾಂತ ಹಿಡಿದರೆ ಒಳಗೆ ಕಬ್ಬಿಣವಿದೆ. ಬಿದ್ರಿಯನ್ನು ಅಯಸ್ಕಾಂತ ಹಿಡಿಯುವುದಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಅಸಲಿ ತಂತಿ ತನ್ನ ಕೊರೆತದಲ್ಲಿ ಕೂತಿರುವುದು, ಅದರ ಅಂಚು ಅಲ್ಲಲ್ಲಿ ಸುತ್ತಿಗೆಯ ಏಟಿಗೆ ತುಸು ಹರಡಿರುವುದು ಕಾಣುತ್ತದೆ. ಬಳಿದ ಗೆರೆಗೆ ಕೊರೆತವೇ ಇರುವುದಿಲ್ಲ.

ಎರಡನೆಯ ಬಗೆ ಹೆಚ್ಚು ಸೂಕ್ಷ್ಮವಾದದ್ದು, ನನ್ನ ಅನುಭವದಲ್ಲಿ ಹೆಚ್ಚು ನಡೆಯುವುದೂ ಅದೇ: ವಸ್ತು ನಿಜವಾದ ಬಿದ್ರಿ, ಆದರೆ ಮೊನ್ನೆ ಮೊನ್ನೆ ಮಾಡಿದ್ದು, ಅದನ್ನು ಮರಳುಕಾಗದದಿಂದ ಉಜ್ಜಿ ಇನ್ನೂರು ವರ್ಷದ್ದೆಂದು ಮಾರುತ್ತಾರೆ. ಇದಕ್ಕೆ ಸವೆತವನ್ನು ಓದಲು ಕಲಿಯಬೇಕು. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಪಾನದಾನ, ಅಂದರೆ ಎಲೆಯಡಿಕೆಯ ಪೆಟ್ಟಿಗೆ, ಒಂದಿದೆ. ಅದರ ಮುಚ್ಚಳದ ಅಂಚಿನಲ್ಲಿ ಹೆಬ್ಬೆರಳು ಕೂರುವ ಒಂದೇ ಜಾಗದಲ್ಲಿ ಕಪ್ಪು ಹೋಗಿ ಬೂದು ಬಂದಿದೆ, ಅಲ್ಲಿನ ಹೂವು ತನ್ನ ಗೆರೆಗಳನ್ನೇ ಕಳೆದುಕೊಂಡಿದೆ. ಎರಡಂಗುಲ ಆಚೆಗಿನ ಹೂವು ಚೂಪಾಗಿಯೇ ಇದೆ. ಒಂದು ಎಸಳಿನ ಬೆಳ್ಳಿ ಉದುರಿದ ಗುಳಿಯಲ್ಲಿ ಉಳಿಯ ಗೀರುಗಳೂ ಅವುಗಳ ನಡುವೆ ಗಟ್ಟಿಯಾದ ಕೊಳೆಯೂ ಕಾಣುತ್ತವೆ. ಒಳಗಿನ ಸುಣ್ಣದ ಡಬ್ಬಿಯ ಮೂಲೆಯಲ್ಲಿ ಕಲ್ಲಾದ ಸುಣ್ಣ ಇನ್ನೂ ಕೂತಿದೆ. ಬಳಕೆಯ ಸವೆತ ಹೀಗೆ ಕೈ ತಾಗುವಲ್ಲಿ ಮಾತ್ರ ಇರುತ್ತದೆ. ಉಜ್ಜಿ ತಂದ ಸವೆತ ಎಲ್ಲ ಕಡೆ ಸಮನಾಗಿ, ಗೀರುಗಳು ಒಂದೇ ದಿಕ್ಕಿಗೆ, ಬೆರಳು ಎಂದೂ ತಾಗದ ಸಂದಿಯಲ್ಲೂ ಇರುತ್ತದೆ. ಅಟ್ಟದ ಮೇಲೆ ನೂರು ವರ್ಷ ಬಿದ್ದಿತ್ತೆಂದು ಹೇಳುವ ಹುಕ್ಕಾದ ಬೆಳ್ಳಿ ಹಾಲಿನಂತೆ ಹೊಳೆಯುತ್ತಿದ್ದರೂ ಪ್ರಶ್ನೆ ಕೇಳಬೇಕು, ಏಕೆಂದರೆ ತಿಕ್ಕದೆ ಬಿಟ್ಟ ಬೆಳ್ಳಿ ಕಂದಾಗಿ ಕಪ್ಪಾಗುತ್ತದೆ. ಮನೆತನದವರೇ ಮತ್ತೆ ಕಪ್ಪು ಕೊಡಿಸಿ ಹೊಳಪು ಮಾಡಿಸಿರುವ ಸಾಧ್ಯತೆ ಇದೆ. ಹಾಗಿದ್ದರೆ ಅದನ್ನು ಬಾಯಿಬಿಟ್ಟು ಹೇಳುತ್ತಾರೆ.

ಇಲ್ಲೊಂದು ಮಾತು. ಹುಣಸೆಹಣ್ಣು, ನಿಂಬೆ ಹಾಕಿ ಬಿದ್ರಿಯನ್ನು ತಿಕ್ಕಿ ಪರೀಕ್ಷಿಸಬೇಡಿ. ಹುಳಿ ಸತುವನ್ನು ತಿನ್ನುತ್ತದೆ, ಅಸಲಿಯ ಕಪ್ಪೂ ಹೋಗುತ್ತದೆ. ತಿಳಿದವರ ಕಣ್ಣು ಬೇಕಾದರೆ ಬೀದರಿನ ಕುಶಲಕರ್ಮಿಗಳ ಬಳಿಯೇ ಒಯ್ಯಿರಿ. ಉಳಿ ಹಿಡಿದವರು ಉಳಿಯ ಗುರುತನ್ನು ಸುಲಭವಾಗಿ ಓದುತ್ತಾರೆ. 2006ರಲ್ಲಿ ಭೌಗೋಳಿಕ ಗುರುತು (ಜಿಐ) ಪಡೆದ ಈ ಕಲೆಯ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬದುಕಿರುವ ಕಲಾವಿದರ ಹೊಸ ಕೆಲಸವನ್ನು ಹೊಸದೆಂದೇ ಹೇಳಿ ಮಾರಿದರೆ ಅದಕ್ಕೆ ತಕ್ಕ ಬೆಲೆಯೂ ಗೌರವವೂ ಇದೆ. ಅದನ್ನು ಹಳೆಯದೆಂದು ಮಾರುವವನು ಕೊಳ್ಳುವವರ ಹಣದ ಜೊತೆಗೆ ಮಾಡಿದವರ ಹೆಸರನ್ನೂ ಕದಿಯುತ್ತಾನೆ.

ಸುರಪುರ ಶೈಲಿಯ ಚಿತ್ರಗಳ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, ಕಾಗದ ಹಳೆಯದಿದ್ದ ಮಾತ್ರಕ್ಕೆ ಚಿತ್ರ ಹಳೆಯದಲ್ಲ. ಹಳೆಯ ದಸ್ತಾವೇಜುಗಳ ಮೇಲೆ ಹೊಸ ಚಿತ್ರ ಬರೆದು ಮಾರುವುದು ರೂಢಿಯಲ್ಲಿದೆ. ಭೂತಗನ್ನಡಿಯಲ್ಲಿ ಬಣ್ಣ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದರೆ ಅದು ಮುದ್ರಣ.

ಹಣ ಕೊಡುವಾಗ, ಕೊಟ್ಟ ಮೇಲೆ

ಮಾರಾಟ ತಾಣದ ಒಳಗೇ ಹಣ ಪಾವತಿಸಿ. ‘ಕಮಿಷನ್ ಉಳಿಯುತ್ತದೆ, ವಾಟ್ಸ್ಆ್ಯಪ್‌ಗೆ ಬನ್ನಿ’ ಎಂಬ ಮಾತಿಗೆ ಒಪ್ಪಿದ ಕ್ಷಣವೇ ತಾಣದ ರಕ್ಷಣೆ ಹೋಗುತ್ತದೆ. ವಸ್ತು ನಕಲಿಯಾದರೆ ಮರಳಿ ಪಡೆಯುವುದಾಗಿ ಬರಹದಲ್ಲಿ ಒಪ್ಪಿಗೆ ಪಡೆಯಿರಿ; ‘ಹಳೆಯದರಂತೆ ಕಾಣುತ್ತದೆ’, ‘ಆ ಶೈಲಿಯದು’ ಎಂಬ ಜಾರುವ ಮಾತುಗಳ ಬದಲು ಯಾವ ಕಾಲದ್ದು, ಯಾವ ಲೋಹದ್ದು ಎಂದು ನೇರವಾಗಿ ಬರೆಸಿ. ಹಣ ವಾಪಸು ಬರಬೇಕಾದರೆ ಯುಪಿಐ ಪಿನ್ ಹಾಕಿ ಎಂದರೆ ಹಾಕಬೇಡಿ. ಹಣ ಪಡೆಯಲು ಪಿನ್ ಎಂದೂ ಬೇಕಿಲ್ಲ. ನಿಮ್ಮ ಮನೆಯ ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ತೆರಿಗೆ ಕಟ್ಟಿ ಎಂದು ರಿಸರ್ವ್ ಬ್ಯಾಂಕ್ ಹೆಸರಿನಲ್ಲಿ ಕರೆ ಬಂದರೆ ಅದೂ ಮೋಸವೇ. ಇಂಥ ವ್ಯವಹಾರದಲ್ಲಿ ತಾನು ಇಲ್ಲವೆಂದು ಆ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಪೊಟ್ಟಣ ಬಂದಾಗ ಮೊಹರು ಒಡೆಯುವ ಮೊದಲಿನಿಂದ ವಸ್ತು ತಕ್ಕಡಿಯ ಮೇಲೆ ಕೂರುವವರೆಗೆ ನಡುವೆ ತುಂಡಾಗದಂತೆ ವಿಡಿಯೊ ಮಾಡಿ. ನಾನು ಅದನ್ನು ಮಾಡಿರಲಿಲ್ಲ. ಅದಕ್ಕೇ ‘ನೀವೇ ಬದಲಾಯಿಸಿದ್ದೀರಿ’ ಎಂದು ಮಾರಾಟಗಾರ ಹೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಹಣ ವಂಚನೆಯಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಬೇರೆ ಖಾತೆಗೆ ಹೋಗುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು. ಮಾರಾಟ ತಾಣದ ಕುಂದುಕೊರತೆ ಅಧಿಕಾರಿ ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿ ಒಂದು ತಿಂಗಳಲ್ಲಿ ಪರಿಹರಿಸಬೇಕೆಂದು 2020ರ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ಅದೂ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಮಾರಾಟಗಾರ ಎಲ್ಲಿಯವನಾದರೂ ಸರಿ.

ಹಣ ಮರಳಿ ಬರಲಿ, ಬಾರದಿರಲಿ, ದೂರು ಮುಗಿದ ಮೇಲೂ ನಕಲಿ ವಸ್ತು ನಿಮ್ಮ ಬಳಿಯೇ ಉಳಿದರೆ ಅದನ್ನು ಸಂಗ್ರಹದ ಇತರ ವಸ್ತುಗಳ ಜೊತೆ ಇಡಬೇಡಿ. ನಾವು ಹೋದ ಮೇಲೆ ಮಕ್ಕಳು ಅದನ್ನು ಅಸಲಿಯೆಂದೇ ನಂಬಿ ಇನ್ನೊಬ್ಬರಿಗೆ ಮಾರಬಹುದು. ನಾನು ನನ್ನ ಟಂಕದ ಅಂಚಿನಲ್ಲಿ, ಆ ಓರೆ ಗಾಯದ ಪಕ್ಕದಲ್ಲೇ, ಉಕ್ಕಿನ ಮೊನೆಯಿಂದ ‘ನ’ ಎಂಬ ಅಕ್ಷರ ಕೊರೆಸಿದ್ದೇನೆ. ಲೇಪ ಹರಿದು ಒಳಗಿನ ಬೂದು ಲೋಹ ಅಲ್ಲಿ ಕಾಣುತ್ತದೆ.